ನಾಯಿಯ ಜಠರದಲ್ಲಿ ಗಡ್ಡೆ: ‘ಮಾಸ್’ ಅಂತ ವರದಿ ಬಂದರೆ ಮೊದಲು ಏನು ನೋಡಬೇಕು?

ಜಠರಾಗ್ನಿ (ಎಳೆ ಆರಂಭಿಸಿದವರು)

ಸ್ಕ್ಯಾನ್ ವರದಿಯಲ್ಲಿ ‘ಗ್ಯಾಸ್ಟ್ರಿಕ್ ಮಾಸ್’ ಅನ್ನೋ ಎರಡು ಪದ ಕಂಡ ಕೂಡಲೇ ಕ್ಯಾನ್ಸರ್ ಅಂತ ತೀರ್ಮಾನಿಸಿ ಕೈಚೆಲ್ಲುವವರು ಬಹಳ. ಮಾಸ್ ಅಂದರೆ ಅಲ್ಲೊಂದು ಗಂಟು ಇದೆ ಅಂತ ಅಷ್ಟೇ. ಅದು ಎಂಥದು ಅನ್ನುವುದನ್ನು ಆ ಪದ ಹೇಳುವುದಿಲ್ಲ.

ಮುಚ್ಚಿಡುವುದು ಬೇಡ: ನಾಯಿಗಳಲ್ಲಿ ಜಠರದ ಗಡ್ಡೆಯೇ ಅಪರೂಪ, ಒಟ್ಟು ಗಡ್ಡೆಗಳಲ್ಲಿ ಶೇ. 1ಕ್ಕಿಂತ ಕಡಿಮೆ. ಹಾಗೆ ಬಂದವುಗಳಲ್ಲಿ ಹೆಚ್ಚಿನವು ಅಡಿನೋಕಾರ್ಸಿನೋಮಾ, ಅಂದರೆ ಕೆಟ್ಟವೇ. ಆದರೆ ಉಳಿದ ಪಾಲಿನಲ್ಲಿ ಒಂದೇ ಆಪರೇಷನ್ನಿಗೆ ಮುಗಿದುಹೋಗುವವೂ ಇವೆ. ಅವುಗಳಲ್ಲಿ ಮುಖ್ಯವಾದದ್ದು ಲಿಯೋಮಯೋಮಾ. ಜಠರದ ಗೋಡೆಯ ನಯಸ್ನಾಯುವಿನಿಂದ ಹುಟ್ಟುತ್ತದೆ, ನಿಧಾನವಾಗಿ ಬೆಳೆಯುತ್ತದೆ, ಪಕ್ಕದ ಅಂಗಾಂಶದೊಳಗೆ ಬೇರು ಬಿಡುವುದಿಲ್ಲ, ಬೇರೆ ಅಂಗಕ್ಕೆ ಹರಡುವುದಿಲ್ಲ. ವಯಸ್ಸಾದ ನಾಯಿಗಳ ಕಾಯಿಲೆ. ಎಷ್ಟೋ ಸಲ ಬೇರೆ ಕಾರಣಕ್ಕೆ ಸತ್ತ ನಾಯಿಯ ಮರಣೋತ್ತರ ಪರೀಕ್ಷೆಯಲ್ಲೇ ಮೊದಲು ಕಣ್ಣಿಗೆ ಬೀಳುತ್ತದೆ. ಇನ್ನೊಂದು ಅಡಿನೋಮಾ ಪಾಲಿಪ್, ಲೋಳೆಪೊರೆಯ ಗ್ರಂಥಿಗಳಿಂದ ಹುಟ್ಟುವಂಥದು.

ಜಠರಕ್ಕೆ ಎರಡು ಬಾಗಿಲು ಅಂದುಕೊಳ್ಳಿ. ಅನ್ನನಾಳ ಬಂದು ಸೇರುವ ಮುಂಬಾಗಿಲು ಕಾರ್ಡಿಯಾ. ಕರುಳಿಗೆ ಬಿಡುವ ಹಿತ್ತಿಲ ಬಾಗಿಲು ಪೈಲೋರಸ್. ಲಿಯೋಮಯೋಮಾ ಹೆಚ್ಚಾಗಿ ಕೂರುವುದು ಮುಂಬಾಗಿಲ ಹತ್ತಿರ, ಪಾಲಿಪ್ ಹಿತ್ತಿಲ ಕಡೆ. ಕ್ಯಾನ್ಸರಿಗೂ ಹಿತ್ತಿಲ ಕಡೆಯೇ ಇಷ್ಟ ಅನ್ನುವುದು ತೊಂದರೆ. ಆದ್ದರಿಂದ ವರದಿ ಕೈಗೆ ಬಂದಾಗ ‘ಎಷ್ಟು ದೊಡ್ಡದು’ ಅಂತ ಕೇಳುವ ಮೊದಲು ಎರಡು ಪ್ರಶ್ನೆ ಕೇಳಿ. ಎಲ್ಲಿದೆ? ಗೋಡೆಯ ಯಾವ ಪದರದಿಂದ ಎದ್ದಿದೆ?

ಅಲೆಕಣ್ಣು

ಪದರದ ಪ್ರಶ್ನೆಗೆ ಉತ್ತರ ಅಲ್ಟ್ರಾಸೌಂಡಿನಲ್ಲೇ ಸಿಗಬೇಕು, ಮಾಡುವವರು ತಾಳ್ಮೆಯಿಂದ ಮಾಡಿದ್ದರೆ. ನಾಯಿಯ ಜಠರದ ಗೋಡೆ ಸಾಮಾನ್ಯವಾಗಿ 3ರಿಂದ 5 ಮಿ.ಮೀ. ದಪ್ಪ. ಪರದೆಯ ಮೇಲೆ ಕಪ್ಪು ಬಿಳಿ ಗೆರೆಗಳಾಗಿ 5 ಪದರ ಕಾಣುತ್ತವೆ. ಲಿಯೋಮಯೋಮಾ ಆದರೆ ದುಂಡಗಿನ, ಅಂಚು ಸ್ಪಷ್ಟವಾದ ಗಂಟೊಂದು ಸ್ನಾಯು ಪದರದಿಂದ ಉಬ್ಬಿರುತ್ತದೆ, ಅದರ ಮೇಲಿನ ಲೋಳೆಪೊರೆಯ ಗೆರೆ ಕಡಿಯದೆ ಹಾಸಿಕೊಂಡು ಹೋಗಿರುತ್ತದೆ. ಕಾರ್ಸಿನೋಮಾದಲ್ಲಿ ಆ ಗೆರೆಗಳೇ ಕಲಸಿಹೋಗಿರುತ್ತವೆ. ಗೋಡೆ ದಪ್ಪ, ಪದರ ಗುರುತಿಲ್ಲ, ಪಕ್ಕದ ಲಿಂಫ್ ಗ್ರಂಥಿಗಳು ಊದಿವೆ ಅಂತಿದ್ದರೆ ಚಿಂತಿಸಬೇಕಾದ್ದೇ.

ಸ್ಕ್ಯಾನ್ ಕೆಡುವುದು ಹೆಚ್ಚಾಗಿ ಗಾಳಿಯಿಂದ. ಏದುಸಿರು ಬಿಡುತ್ತಾ ಬಂದ ನಾಯಿ ಹೊಟ್ಟೆ ತುಂಬ ಗಾಳಿ ನುಂಗಿರುತ್ತದೆ, ಅಲೆ ಗಾಳಿ ದಾಟುವುದಿಲ್ಲ. 12 ಗಂಟೆ ಉಪವಾಸ ಇರಿಸಿ, ಸ್ವಲ್ಪ ಹೊತ್ತು ತಂಪಾಗಿ ಕೂರಿಸಿ. ವಾಂತಿ ಇಲ್ಲದಿದ್ದರೆ ಕಿಲೋಗೆ 15 ಮಿ.ಲೀ.ನಷ್ಟು ನೀರು ಕುಡಿಸಿ ನೋಡಿದರೆ ಗೋಡೆ ಹಿಗ್ಗಿ ಚೆನ್ನಾಗಿ ಕಾಣುತ್ತದೆ. ಮಗ್ಗುಲು ಬದಲಿಸಿದರೆ ಗಾಳಿ ಮೇಲಕ್ಕೆ ಸರಿಯುತ್ತದೆ. ಖಾಲಿ ಹೊಟ್ಟೆಯ ಮಡಿಕೆಗಳನ್ನೇ ಗಡ್ಡೆ ಅಂತ ಬರೆದ ವರದಿಗಳೂ ಇಲ್ಲದಿಲ್ಲ.

ಮುಂಬಾಗಿಲು ಪಕ್ಕೆಲುಬಿನ ಕೆಳಗೆ ಅಡಗಿರುತ್ತದೆ. ಅಲ್ಲಿನ 1 ಸೆಂ.ಮೀ. ಗಂಟು ತಪ್ಪಿಹೋಗುವುದು ಸಹಜ. ಸಂಶಯ ಉಳಿದರೆ ಸಿಟಿ ಸ್ಕ್ಯಾನ್.

ಬಾಲಂಗೋಚಿ

ವಾಂತಿ ಎಲ್ಲಾ ನಾಯಿಯೂ ಮಾಡುತ್ತೆ. ಬೆಳಗ್ಗೆ ಹಳದಿ ನೊರೆ, ಹುಲ್ಲು ತಿಂದು ವಾಂತಿ... ಯಾವುದಕ್ಕೆ ಸ್ಕ್ಯಾನ್ ಮಾಡಿಸಬೇಕು?

ಜಠರಾಗ್ನಿ

@ಬಾಲಂಗೋಚಿ ಬೆಳಗಿನ ಹಳದಿ ನೊರೆ, ಆಮೇಲೆ ಚೆನ್ನಾಗಿ ಊಟ, ತೂಕ ಇಳಿದಿಲ್ಲ: ಇದು ಬಹುತೇಕ ಖಾಲಿ ಹೊಟ್ಟೆಗೆ ಪಿತ್ತ ಬಂದದ್ದು. ಮಲಗುವ ಮುಂಚೆ ಒಂದು ತುತ್ತು ಕೊಟ್ಟರೆ ನಿಲ್ಲುತ್ತದೆ. ನಿಲ್ಲದಿದ್ದರೆ ಗಡಿಯಾರ ನೋಡಲು ಶುರು ಮಾಡಿ.

ತಿಂದು 8–10 ಗಂಟೆಯ ಮೇಲೂ ಅನ್ನದ ಅಗುಳು ಅಗುಳಾಗಿಯೇ ಹೊರಬಂದರೆ ಹಿತ್ತಿಲ ಬಾಗಿಲಲ್ಲಿ ಅಡ್ಡಿ ಇರಬಹುದು. ತಿಂದ ಕೂಡಲೇ, ಹೊಟ್ಟೆ ಹಿಂಡದೆ, ತಲೆ ಬಗ್ಗಿಸಿದ ತಕ್ಷಣ ಉರುಳೆಯಾಗಿ ಜಾರಿ ಬಿದ್ದರೆ ಅದು ವಾಂತಿಯೇ ಅಲ್ಲ, ಅನ್ನನಾಳದಿಂದಲೇ ವಾಪಸಾದದ್ದು. ಮುಂಬಾಗಿಲ ಗಡ್ಡೆಯಲ್ಲಿ ಹೀಗಾಗುತ್ತದೆ. ವೈದ್ಯರಿಗೆ ಬಾಯಲ್ಲಿ ವಿವರಿಸುವ ಬದಲು ಮೊಬೈಲಿನಲ್ಲಿ ವಿಡಿಯೋ ಮಾಡಿಕೊಂಡು ಹೋಗಿ, ಅರ್ಧ ಪರೀಕ್ಷೆ ಅಲ್ಲೇ ಮುಗಿಯುತ್ತದೆ.

ವಾಂತಿಯಲ್ಲಿ ಕಾಫಿ ಗಸಿಯಂಥ ಕಂದು ಪುಡಿ, ಮಲ ಡಾಂಬರಿನಂತೆ ಕಪ್ಪು ಮತ್ತು ಜಿಗುಟು: ಎರಡೂ ಜಠರದ ರಕ್ತ. ಕಪ್ಪು ಮಲವನ್ನು ಬಿಳಿ ಟಿಶ್ಯೂ ಮೇಲಿಟ್ಟು ನಾಲ್ಕು ಹನಿ ನೀರು ಹಾಕಿ. ಅಂಚಿನಲ್ಲಿ ಕೆಂಪು ಹರಡಿದರೆ ರಕ್ತ ಅಂತ ಬಲವಾದ ಸಂಶಯ. ಹಿಂದಿನ ದಿನ ಲಿವರ್ ತಿಂದಿದ್ದರೆ, ಕಬ್ಬಿಣದ ಟಾನಿಕ್ ಕುಡಿಸುತ್ತಿದ್ದರೆ ಮಲ ಹೇಗೂ ಕಪ್ಪಾಗುತ್ತದೆ, ಅದನ್ನು ಮೊದಲು ಹೇಳಿಬಿಡಿ.

ಮಾವಿನ ಕಾಲದಲ್ಲಿ ಇನ್ನೊಂದು. ನುಂಗಿದ ಗೊರಟೆ ಜಠರದಲ್ಲಿ ವಾರಗಟ್ಟಲೆ ಹೊರಳಾಡಿಕೊಂಡಿರುತ್ತದೆ. ಹಿತ್ತಿಲ ಬಾಗಿಲಿಗೆ ಬಂದು ಕೂತ ದಿನ ವಾಂತಿ, ಸರಿದ ದಿನ ಆರಾಮ. ಪಾಲಿಪ್ ಮಾಡುವುದೂ ಅದೇ ಆಟ. ಎಕ್ಸ್‌ರೇಯಲ್ಲಿ ಗೊರಟೆ ಸರಿಯಾಗಿ ಕಾಣುವುದಿಲ್ಲ.

ರಕ್ತಪಟ್ಟಿ

ಲ್ಯಾಬ್ ಕಡೆಯ ಮಾತು. ನಮ್ಮಲ್ಲಿ ನಾಯಿಗೆ ರಕ್ತ ಕಡಿಮೆ ಅಂದರೆ ಮೊದಲ ಆರೋಪಿ ಉಣ್ಣೆ ಕಚ್ಚಿ ಬರುವ ಜ್ವರ. ಹೆಚ್ಚಿನ ಸಲ ಅದು ಸರಿಯೇ. ಆದರೆ ಪರೀಕ್ಷೆ ಇಲ್ಲದೆ ಅದರ ಔಷಧ ಡಾಕ್ಸಿಸೈಕ್ಲಿನ್ ಶುರುವಾದರೆ, ಆ ಮಾತ್ರೆಯಿಂದಲೇ ವಾಂತಿ ಬರುತ್ತದೆ, ಒಣ ಗಂಟಲಲ್ಲಿ ಸಿಕ್ಕಿಕೊಂಡರೆ ಅನ್ನನಾಳ ಹುಣ್ಣಾಗುತ್ತದೆ. ಆಮೇಲೆ ವಾಂತಿ ಗಡ್ಡೆಯದ್ದೋ ಮಾತ್ರೆಯದ್ದೋ ಯಾರಿಗೂ ಗೊತ್ತಾಗುವುದಿಲ್ಲ.

ಗಡ್ಡೆಯ ಮೇಲಿನ ಲೋಳೆಪೊರೆ ಹುಣ್ಣಾಗಿ ದಿನವೂ ಚೂರು ಚೂರು ರಕ್ತ ಸೋರಿದರೆ ದೇಹದ ಕಬ್ಬಿಣ ಬರಿದಾಗುತ್ತದೆ. ಸಿಬಿಸಿಯಲ್ಲಿ (ರಕ್ತಕಣಗಳ ಎಣಿಕೆ) ಕೆಂಪು ಕಣಗಳು ಸಣ್ಣವಾಗಿ, ಪೇಲವವಾಗಿ ಬರುತ್ತವೆ, ಎಂಸಿವಿ (ಕೆಂಪು ಕಣದ ಸರಾಸರಿ ಗಾತ್ರ) 60ಕ್ಕಿಂತ ಕೆಳಗೆ. ಪ್ಲೇಟ್‌ಲೆಟ್ ಮಾಮೂಲಿ ಅಥವಾ ಹೆಚ್ಚು. ಉಣ್ಣೆಯಿಂದ ಬರುವ ಎರ್ಲಿಕಿಯಾ ಸೋಂಕಿನಲ್ಲಿ ಬೀಳುವುದು ಪ್ಲೇಟ್‌ಲೆಟ್ಟೇ. ಜೊತೆಗೆ ಕ್ರಿಯಾಟಿನಿನ್ ಸರಿಯಿದ್ದು ಯೂರಿಯಾ ಮಾತ್ರ ಏರಿದ್ದರೆ ಮೇಲಿನ ಜೀರ್ಣಾಂಗದಲ್ಲಿ ರಕ್ತ ಸೋರುತ್ತಿರಬಹುದು. ಇಷ್ಟೆಲ್ಲ ಮಾಮೂಲಿ ರಕ್ತಪರೀಕ್ಷೆಯ ಹಾಳೆಯಲ್ಲೇ ಇರುತ್ತದೆ, ಹಿಮೋಗ್ಲೋಬಿನ್ ಒಂದನ್ನೇ ಓದಿ ಮಡಚಿಡಬೇಡಿ.

ಹಿತ್ತಿಲ ಬಾಗಿಲು ಮುಚ್ಚಿದ್ದರೆ ಕ್ಲೋರೈಡ್, ಪೊಟ್ಯಾಸಿಯಂ ಎರಡೂ ಇಳಿದು ರಕ್ತ ಕ್ಷಾರದ ಕಡೆ ವಾಲಿರುತ್ತದೆ, ಆಮ್ಲವೆಲ್ಲ ವಾಂತಿಯಲ್ಲಿ ಹೋಗಿರುವುದರಿಂದ. ಈ ನಾಯಿಗೆ ಬೇಕಾದ್ದು 0.9% ಸಲೈನ್, ಲೀಟರಿಗೆ 20–40 ಮಿಲಿ ಈಕ್ವಿವಲೆಂಟ್ ಪೊಟ್ಯಾಸಿಯಂ ಕ್ಲೋರೈಡ್ ಸೇರಿಸಿ. ಅಭ್ಯಾಸಬಲದಿಂದ ರಿಂಗರ್ ಲ್ಯಾಕ್ಟೇಟ್ ಏರಿಸಿಬಿಡುತ್ತಾರೆ, ಅದು ಇಲ್ಲಿ ಸರಿಯಾದ ಆಯ್ಕೆಯಲ್ಲ. ಪೊಟ್ಯಾಸಿಯಂ ವೇಗ ಗಂಟೆಗೆ ಕಿಲೋಗೆ 0.5 ಮಿಲಿ ಈಕ್ವಿವಲೆಂಟ್ ದಾಟಬಾರದು, ಹೃದಯ ನಿಂತುಹೋಗುತ್ತದೆ.

ಬೇಟೆನಾಯಿ ಬಾಗಲಕೋಟಿ

ಒಂದ್ ಮಾತ್ ಸೇರಸ್ರಿ. ಗ್ರೇಹೌಂಡ್ ಜಾತಿಯ ಓಡೋ ನಾಯಿಗೋಳ ರಕ್ತ ಮೊದಲ ದಪ್ಪ ಇರತೈತಿ, ಪಿಸಿವಿ (ರಕ್ತದಾಗ ಕೆಂಪು ಕಣದ ಶೇಕಡಾ ಪಾಲು) 50–60 ಅವಕ್ಕ ಮಾಮೂಲಿ. ಲ್ಯಾಬಿನ ಹಾಳ್ಯಾಗ 37–55 ಅಂತ ಅಚ್ಚ ಹಾಕಿರತಾರ. 40 ಬಂದ್ರ ‘ನಾರ್ಮಲ್’ ಅಂತ ಬಿಟ್ಟಬಿಡ್ತಾರ, ಆದ್ರ ಆ ನಾಯಿಗೆ ಅದು ರಕ್ತ ಸೋರಿದ ಲಕ್ಷಣ ಇರಬಹುದು. ಇಂಥ ಓಡೋ ಜಾತಿಯ ಮುಧೋಳ ನಾಯಿ ಸಾಕಿದವರು ಆರೋಗ್ಯ ಇದ್ದಾಗ ಒಮ್ಮೆ ಸಿಬಿಸಿ ಮಾಡಿಸಿ ಇಟ್ಕೊಳ್ರಿ, ಆಮ್ಯಾಲೆ ಹೋಲಿಸಾಕ ಬರತೈತಿ. ಇಂಥ ಕೊಬ್ಬಿಲ್ಲದ ನಾಯಿಗೆ ಥಯೋಪೆಂಟೋನ್ ಅರಿವಳಿಕೆ ಕೊಡಬ್ಯಾಡ್ರಿ, ಎಚ್ಚರ ಆಗೂದ ಬಾಳ ತಡ ಆಗತೈತಿ.

ಕೊಳವೆಗಣ್ಣು

ಎಂಡೋಸ್ಕೋಪಿ ಬಗ್ಗೆ ಬರೆಯುತ್ತೇನೆ, ಹೆಚ್ಚು ತಪ್ಪಾಗುವುದು ಇಲ್ಲೇ.

ಉಪವಾಸ ಕನಿಷ್ಠ 12 ಗಂಟೆ. ಜಠರ ಖಾಲಿಯಾಗುವುದೇ ತಡ ಅಂತ ಗೊತ್ತಿದ್ದರೆ 24. ಬೇರಿಯಂ ಕುಡಿಸಿ ಎಕ್ಸ್‌ರೇ ಮಾಡಿದ್ದರೆ ಒಂದು ದಿನ ಬಿಡಿ. ಹುಣ್ಣಿಗೆ ಕೊಡುವ ಸುಕ್ರಾಲ್ಫೇಟ್ ಅಂದು ಬೇಡ, ಗೋಡೆಗೆ ಸುಣ್ಣ ಬಳಿದಂತೆ ಕೂತುಬಿಡುತ್ತದೆ.

ಕ್ಯಾಮೆರಾ ಮುಂಬಾಗಿಲಿನಿಂದ ಒಳಗೆ ಹೋಗುವಾಗ ಆ ಬಾಗಿಲ ಒಳಮಗ್ಗುಲು ಅದರ ಬೆನ್ನ ಹಿಂದೆ ಉಳಿಯುತ್ತದೆ. ಜಠರಕ್ಕೆ ಗಾಳಿ ತುಂಬಿ, ತುದಿಯನ್ನು ಪೂರ್ತಿ ಮಡಚಿ ಹಿಂತಿರುಗಿ ನೋಡಿದರೆ ಮಾತ್ರ ಕಾರ್ಡಿಯಾ ಕಾಣುತ್ತದೆ, ತಾನು ಬಂದ ಕಪ್ಪು ಕೊಳವೆಯೂ ಅದರ ಪಕ್ಕದ ಗಂಟೂ ಒಟ್ಟಿಗೆ. ಹೀಗೆ ತಿರುಗಿಸಿ ನೋಡದೆ ‘ಜಠರ ನಿರ್ಮಲ’ ಅಂತ ಬರೆದರೆ ಲಿಯೋಮಯೋಮಾ ಇರುವ ಜಾಗವನ್ನೇ ನೋಡಿಲ್ಲ ಅಂತ ಅರ್ಥ. ವರದಿಯ ಜೊತೆ ಆ ಚಿತ್ರವನ್ನೂ ಕೇಳಿ ಪಡೆಯಿರಿ.

ಲಿಯೋಮಯೋಮಾ ಕಾಣುವುದು ಕಂಬಳಿ ಕೆಳಗೆ ಗೋಲಿ ಇಟ್ಟ ಹಾಗೆ. ಗುಮ್ಮಟದಂತೆ ನುಣ್ಣಗೆ, ಮೇಲಿನ ಪೊರೆ ಅಕ್ಕಪಕ್ಕದಷ್ಟೇ ಗುಲಾಬಿ. ಚಿಮಟದ ತುದಿಯಿಂದ ಒತ್ತಿದರೆ ಗಂಟು ಗಟ್ಟಿ, ಪೊರೆ ಮಾತ್ರ ಅದರ ಮೇಲೆ ಜಾರುತ್ತದೆ. ನೆತ್ತಿಯಲ್ಲಿ ಚಿಕ್ಕ ಹುಣ್ಣಿರಬಹುದು. ಪಾಲಿಪ್ ಬೇರೆ ತರಹ: ತೊಟ್ಟಿರುವ ಹಣ್ಣಿನಂತೆ, ಕೆಂಪಗೆ, ಮುಟ್ಟಿದರೆ ರಕ್ತ ಜಿನುಗುತ್ತದೆ. ತೊಟ್ಟು ಸಣ್ಣಗಿದ್ದರೆ ತಂತಿಯ ಕುಣಿಕೆ ಹಾಕಿ ವಿದ್ಯುತ್ತಿನಿಂದ ಸುಟ್ಟು ಅಲ್ಲೇ ಕತ್ತರಿಸಬಹುದು, ಹೊಟ್ಟೆ ಕೊಯ್ಯಬೇಕಿಲ್ಲ. ಬುಡ ಅಗಲವಿದ್ದರೆ ಆ ಆಸೆ ಬೇಡ, ಗೋಡೆ ತೂತಾಗುತ್ತದೆ.

ಪಗ್, ಫ್ರೆಂಚ್ ಬುಲ್‌ಡಾಗ್‌ಗಳಲ್ಲಿ ಪಾಲಿಪ್ ಕಂಡುಬರುವುದುಂಟು. ಜಪಾನಿನಲ್ಲಿ ಜಾಕ್ ರಸೆಲ್ ಟೆರಿಯರ್‌ಗಳಲ್ಲಿ ಎಪಿಸಿ ಜೀನ್ ದೋಷದಿಂದ ವಂಶಪಾರಂಪರ್ಯವಾಗಿ ಬರುವ ಪಾಲಿಪ್ ಕಾಯಿಲೆ ಪತ್ತೆಯಾಗಿದೆ. ಅದು ಒಂದೆರಡರಲ್ಲಿ ನಿಲ್ಲುವುದಿಲ್ಲ, ಕ್ಯಾನ್ಸರಿಗೂ ತಿರುಗುತ್ತದೆ. ಆ ತಳಿಯಲ್ಲಿ ಜಠರದಲ್ಲಿ ಸಿಕ್ಕರೆ ದೊಡ್ಡ ಕರುಳನ್ನೂ ನೋಡಲೇಬೇಕು.

ಬಾಲಂಗೋಚಿ

ಬಯಾಪ್ಸಿ ತೆಗೆದು ‘ಸಾಮಾನ್ಯ ಲೋಳೆಪೊರೆ, ಸ್ವಲ್ಪ ಉರಿಯೂತ’ ಅಂತ ಬಂದರೆ ನೆಮ್ಮದಿಯಾಗಿ ಇರಬಹುದಾ?

ಕೊಳವೆಗಣ್ಣು

ಇಲ್ಲ. ಎಂಡೋಸ್ಕೋಪಿ ಚಿಮಟ ಕಚ್ಚುವುದು ಅಕ್ಕಿ ಕಾಳಿನಷ್ಟನ್ನು, ಅದೂ ಮೇಲ್ಪದರದಿಂದ. ಗಡ್ಡೆ ಇರುವುದು ಕೆಳಗಿನ ಸ್ನಾಯುವಿನಲ್ಲಿ. ಕಂಬಳಿಯ ಎಳೆ ಕಿತ್ತು ಗೋಲಿ ಯಾವ ಬಣ್ಣ ಅಂತ ಹೇಳಲಾಗುವುದಿಲ್ಲ. ಸೂಜಿ ಚುಚ್ಚಿ ತೆಗೆದರೂ ಸ್ನಾಯುಕೋಶಗಳು ಒಂದಕ್ಕೊಂದು ಹೆಣೆದುಕೊಂಡಿರುವುದರಿಂದ ಉದುರುವುದಿಲ್ಲ, ಸ್ಲೈಡ್ ಖಾಲಿ. ಗಂಟು ಕಣ್ಣೆದುರೇ ಇದ್ದು ಬಯಾಪ್ಸಿ ನಾರ್ಮಲ್ ಅಂದರೆ, ಕೆಳಪದರದ ಗಡ್ಡೆ ಇರಬಹುದು ಅಂತ ಓದಿಕೊಳ್ಳಿ. ಖಚಿತವಾಗುವುದು ಪೂರ್ತಿ ತೆಗೆದ ಮೇಲೆಯೇ.

ಬೀದಿ ನಾಯಿ, ಹಳ್ಳಿ ನಾಯಿ ಆಗಿದ್ದರೆ ಸ್ಪೈರೋಸೆರ್ಕಾ ಹುಳವನ್ನು ಮರೆಯಬೇಡಿ. ಸಗಣಿ ಜೀರುಂಡೆ ತಿಂದ ನಾಯಿಯ ಜಠರದ ಗೋಡೆ ಕೊರೆದು, ರಕ್ತನಾಳ ಹಿಡಿದು ಮಹಾಪಧಮನಿಗೆ ಹೋಗಿ, ಕೊನೆಗೆ ಅನ್ನನಾಳದ ಕೆಳತುದಿಯಲ್ಲಿ ಗಂಟು ಕಟ್ಟುತ್ತದೆ. ಮುಂಬಾಗಿಲಿಗೆ ಅಷ್ಟು ಹತ್ತಿರವಾದ್ದರಿಂದ ಗೊಂದಲ ಸುಲಭ. ಗಂಟಿನ ನೆತ್ತಿಯಲ್ಲಿ ಮೊಲೆತೊಟ್ಟಿನಂಥ ರಂಧ್ರ, ಎದೆಯ ಎಕ್ಸ್‌ರೇಯಲ್ಲಿ ಬೆನ್ನೆಲುಬಿನ ಕೆಳಅಂಚು ಒರಟು ಅಂತಿದ್ದರೆ ಬಹುತೇಕ ಇದೇ. ಡೊರಮೆಕ್ಟಿನ್ ಕಿಲೋಗೆ 400 ಮೈಕ್ರೋಗ್ರಾಂ, 14 ದಿನಕ್ಕೊಮ್ಮೆ ಚುಚ್ಚುಮದ್ದು. ಕುರಿ ಕಾಯುವ ಕಾಲಿ (Collie) ತಳಿಯ ರಕ್ತ ಇದ್ದರೆ ಈ ಔಷಧ ಕೂಡದು.

ಹೊಲಿಗೆದಾರ

ಆಪರೇಷನ್ ಕೇಳುವವರಿಗೆ.

ಜಠರ ಅರ್ಧ ತೆಗೆಯುತ್ತಾರೆ ಅನ್ನೋ ಭಯ ಬೇಡ. ಕಾರ್ಡಿಯಾದ ಲಿಯೋಮಯೋಮಾಗೆ ಹೊಟ್ಟೆಯ ನಡುಗೆರೆಯಲ್ಲಿ ಕೊಯ್ದು, ಜಠರವನ್ನು ಹೊರಗೆಳೆದು ಸುತ್ತ ಸಲೈನ್ ಬಟ್ಟೆ ಇಟ್ಟು, ದೊಡ್ಡ ಬಾಗು–ಚಿಕ್ಕ ಬಾಗುಗಳ ನಡುವೆ ರಕ್ತನಾಳ ಕಡಿಮೆ ಇರುವಲ್ಲಿ ಸೀಳುತ್ತೇವೆ. ಒಳಗಿನಿಂದ ಗಂಟನ್ನು ಬೆರಳಿನಿಂದ ಎತ್ತಿ ಹಿಡಿದು, ಮೇಲಿನ ಪೊರೆಯನ್ನು ಗೀರಿ, ಗಂಟಿನ ಸುತ್ತ ಬಿಡಿಸುತ್ತಾ ಹೋದರೆ ಬಟಾಣಿ ಸಿಪ್ಪೆಯಿಂದ ಕಾಳು ಜಾರಿದ ಹಾಗೆ ಹೊರಬರುತ್ತದೆ. ಕಾರ್ಸಿನೋಮಾ ಹೀಗೆ ಬಿಡಿಸಿಕೊಳ್ಳುವುದಿಲ್ಲ, ಬೆರಳಿಗೇ ಗೊತ್ತಾಗುತ್ತದೆ.

ಬಿಡಿಸುವ ಮೊದಲು ಬಾಯಿಂದ ದಪ್ಪ ಕೊಳವೆಯೊಂದನ್ನು ಅನ್ನನಾಳದ ಮೂಲಕ ಜಠರಕ್ಕೆ ಇಳಿಸಿಟ್ಟಿರಬೇಕು. ಹೊಲಿಗೆ ಹಾಕುವಾಗ ಬಾಗಿಲು ಕಿರಿದಾಗದಂತೆ ಅದೇ ಅಳತೆ. ಇದನ್ನು ಬಿಟ್ಟರೆ ಗಡ್ಡೆ ಹೋಗಿ ಅನ್ನನಾಳ ಬಿಗಿದ ನಾಯಿ ಉಳಿಯುತ್ತದೆ. ಜಠರದ ಸೀಳಿಗೆ ಎರಡು ಸಾಲು: ಒಳಪದರಕ್ಕೆ ಎಡೆಬಿಡದ ಸರಳ ಹೊಲಿಗೆ, ಹೊರಪದರಕ್ಕೆ ಅಂಚು ಒಳಮಡಚುವ ಕುಶಿಂಗ್ ಅಥವಾ ಲೆಂಬರ್ಟ್. 2-0 ಅಥವಾ 3-0 ಪಾಲಿಡೈಆಕ್ಸನೋನ್ ದಾರ ಸಾಕು. ಜಠರ ಮುಚ್ಚಿದ ಮೇಲೆ ಕೈಗವಸು, ಉಪಕರಣ ಬದಲಿಸಿ ಆಮೇಲೆ ಹೊಟ್ಟೆ ಮುಚ್ಚಬೇಕು.

ಹಿತ್ತಿಲ ಬಾಗಿಲಿನದು ಬೇರೆ ಲೆಕ್ಕ. ಅಲ್ಲಿ ಗಡ್ಡೆಯೇ ಅಲ್ಲದ ಒಂದು ಕಾಯಿಲೆ ಗಡ್ಡೆಯ ವೇಷದಲ್ಲಿ ಬರುತ್ತದೆ. ಶಿಹ್ ತ್ಸು, ಲಾಸಾ ಆಪ್ಸೋ, ಮಾಲ್ಟೀಸ್‌ನಂಥ ಚಿಕ್ಕ ತಳಿಗಳಲ್ಲಿ ನಡುವಯಸ್ಸು ದಾಟಿದ ಮೇಲೆ ಪೈಲೋರಸ್ಸಿನ ಪೊರೆ ಮತ್ತು ಸ್ನಾಯು ಉಂಗುರದಂತೆ ಊದಿಕೊಳ್ಳುತ್ತವೆ. ಸುತ್ತಲೂ ಸಮನಾಗಿ ದಪ್ಪವಾಗಿ, ಒಟ್ಟು ಗೋಡೆ 9 ಮಿ.ಮೀ. ಮುಟ್ಟಿದ್ದರೆ ಇದನ್ನು ನೆನೆಯಿರಿ. ದಪ್ಪನಾದ ಪೊರೆ ತೆಗೆದು ವೈ-ಯು ಪೈಲೋರೋಪ್ಲಾಸ್ಟಿ ಮಾಡಿ ಬಾಗಿಲು ಅಗಲ ಮಾಡಿದರೆ ಹೆಚ್ಚಿನ ನಾಯಿಗಳ ವಾಂತಿ ನಿಲ್ಲುತ್ತದೆ. ಅರಿವಳಿಕೆಯಲ್ಲಿ ತುಂಬಿದ ಜಠರ ಉಕ್ಕಿ ಶ್ವಾಸಕೋಶಕ್ಕೆ ಇಳಿಯುವ ಅಪಾಯ ಈ ಗುಂಪಿಗೇ ಹೆಚ್ಚು. ತಲೆ ಎತ್ತರ, ಶ್ವಾಸಕೊಳವೆ ಬೇಗ ಹಾಕಬೇಕು, ಬಲೂನು ಊದಬೇಕು, ಸಕ್ಷನ್ ಕೈಗೆ ಸಿಗುವಂತಿರಬೇಕು.

ಅಲೆಕಣ್ಣು

@ಹೊಲಿಗೆದಾರ, 14 ವರ್ಷದ ಲ್ಯಾಬ್ರಡಾರ್, ಬೇರೆ ಏನಕ್ಕೋ ಸ್ಕ್ಯಾನ್ ಮಾಡುವಾಗ ಕಾರ್ಡಿಯಾದಲ್ಲಿ 1.5 ಸೆಂ.ಮೀ. ನುಣುಪು ಗಂಟು. ವಾಂತಿ ಇಲ್ಲ, ರಕ್ತ ಸರಿಯಿದೆ. ಕೊಯ್ಯುತ್ತೀರಾ?

ಹೊಲಿಗೆದಾರ

ಕೊಯ್ಯುವುದಿಲ್ಲ. 3 ತಿಂಗಳಿಗೊಮ್ಮೆ ಅಳತೆ. ಬೆಳೆದರೆ ಅಥವಾ ಎಂಸಿವಿ ಇಳಿಯತೊಡಗಿದರೆ ಆಗ ನೋಡೋಣ.

ರಕ್ತಪಟ್ಟಿ

ಅರ್ಧ ಒಪ್ಪುತ್ತೇನೆ. ಆ ‘ರಕ್ತ ಸರಿಯಿದೆ’ಯಲ್ಲಿ ಸಕ್ಕರೆ ಪರೀಕ್ಷೆ ಸೇರಿದೆಯಾ? ನಯಸ್ನಾಯು ಗಡ್ಡೆಗಳಲ್ಲಿ ಕೆಲವು ಇನ್ಸುಲಿನ್ನಿನಂತೆ ಕೆಲಸ ಮಾಡುವ ವಸ್ತುವನ್ನು ಸ್ರವಿಸುತ್ತವೆ. ನಸುಕಿನಲ್ಲಿ ಊಟಕ್ಕೆ ಮುಂಚೆ ಕಾಲು ಸೋತು ಬೀಳುವುದು, ನಡುಕ, ಫಿಟ್ಸ್. ಮುದಿ ನಾಯಿಗೆ ಫಿಟ್ಸ್ ಅಂತ ಫಿನೋಬಾರ್ಬಿಟಾಲ್ ಶುರುವಾಗುತ್ತದೆ, ಮೂಲ ಹೊಟ್ಟೆಯಲ್ಲಿದೆ ಅಂತ ಯಾರೂ ಯೋಚಿಸುವುದಿಲ್ಲ. ಉಪವಾಸದಲ್ಲಿ ಸಕ್ಕರೆ ಡೆಸಿಲೀಟರಿಗೆ 60 ಮಿ.ಗ್ರಾಂ.ಗಿಂತ ಕೆಳಗಿದ್ದರೆ ಅದೇ ಮಾದರಿಯಲ್ಲಿ ಇನ್ಸುಲಿನ್ ಅಳೆಯಿರಿ. ಇನ್ಸುಲಿನ್ ಹೆಚ್ಚಿದ್ದರೆ ಮೇದೋಜೀರಕದ ಗಡ್ಡೆ ಹುಡುಕಿ, ಕಡಿಮೆ ಇದ್ದರೆ ಇಂಥದ್ದಿರಬಹುದು. ಗಡ್ಡೆ ತೆಗೆದರೆ ಸಕ್ಕರೆ ತಾನಾಗಿ ಸರಿಹೋಗುತ್ತದೆ. ಆದ್ದರಿಂದ ಸಕ್ಕರೆ ಇಳಿದಿದ್ದರೆ 1.5 ಸೆಂ.ಮೀ. ಆದರೂ ಕೊಯ್ಯುವುದೇ ಸರಿ.

ರಕ್ತ ತೆಗೆದ ಟ್ಯೂಬ್ ಮೇಜಿನ ಮೇಲೆ ಕೂತರೆ ಕೆಂಪು ಕಣಗಳೇ ಸಕ್ಕರೆ ತಿಂದು ಸುಳ್ಳು ಅಂಕಿ ಕೊಡುತ್ತವೆ. ಫ್ಲೋರೈಡ್ ಟ್ಯೂಬ್ ಬಳಸಿ.

ಹೊಲಿಗೆದಾರ

ಒಪ್ಪಿದೆ. ಸಕ್ಕರೆ ನೋಡದೆ ಉತ್ತರಿಸಬಾರದಿತ್ತು.

ಗಾಜುಪಟ್ಟಿ

ತೆಗೆದ ಗಡ್ಡೆಯನ್ನು ‘ನೋಡಲು ಒಳ್ಳೆಯದಾಗಿತ್ತು’ ಅಂತ ಬಕೆಟ್ಟಿಗೆ ಹಾಕುವವರಿದ್ದಾರೆ. ದಯವಿಟ್ಟು ಬೇಡ. ಲಿಯೋಮಯೋಮಾ ಕತ್ತರಿಸಿದರೆ ಬಿಳಿಚಾದ, ರಬ್ಬರಿನಂತೆ ಗಟ್ಟಿಯಾದ, ಸುಳಿ ಸುಳಿ ಗೆರೆಯ ತಿರುಳು. ಲಿಯೋಮಯೋಸಾರ್ಕೋಮಾ (ನಯಸ್ನಾಯುವಿನ ಕ್ಯಾನ್ಸರ್), ಜಿಸ್ಟ್ (ಜಠರ–ಕರುಳಿನ ಗೋಡೆಯ ಇನ್ನೊಂದು ಬಗೆಯ ಗಡ್ಡೆ) ಇವೂ ಬರಿಗಣ್ಣಿಗೆ ಹೀಗೇ ಕಾಣಬಹುದು. ಅವೆರಡೂ ಹರಡಬಲ್ಲವು. ಸೂಕ್ಷ್ಮದರ್ಶಕದಲ್ಲಿ ವಿಭಜನೆಯಾಗುತ್ತಿರುವ ಕೋಶ ಎಣಿಸಿ, ಬಣ್ಣದ ಪರೀಕ್ಷೆ ಮಾಡಿದರೆ ಬೇರ್ಪಡಿಸಬಹುದು. ಕೋಶದ ಗುರುತು ಹೇಳುವ ಪ್ರೋಟೀನುಗಳಲ್ಲಿ ಡೆಸ್ಮಿನ್ ಮತ್ತು ಆಕ್ಟಿನ್ ಪಾಸಿಟಿವ್, ಸಿಡಿ117 ನೆಗೆಟಿವ್ ಆದರೆ ನಯಸ್ನಾಯುವಿನ ಗಡ್ಡೆ. ಸಿಡಿ117 ಪಾಸಿಟಿವ್ ಆದರೆ ಜಿಸ್ಟ್.

ಮಾದರಿ ಕಳಿಸುವಲ್ಲಿ ಎಲ್ಲರೂ ಎಡವುವುದು ಫಾರ್ಮಲಿನ್ನಿನಲ್ಲಿ. ಅಂಗಡಿಯ ಬಾಟಲಿಯಲ್ಲಿ ಇರುವುದು 37–40% ಫಾರ್ಮಾಲ್ಡಿಹೈಡ್, ಅಂದರೆ ಪೂರ್ಣ ಫಾರ್ಮಲಿನ್. ಅದನ್ನು 1 ಪಾಲಿಗೆ 9 ಪಾಲು ನೀರು ಬೆರೆಸಿದರೆ ನಮಗೆ ಬೇಕಾದ 10% ಫಾರ್ಮಲಿನ್. ಬಫರ್ ಹಾಕಿದ್ದು ಸಿಕ್ಕರೆ ಇನ್ನೂ ಒಳ್ಳೆಯದು. ನೇರ ಸುರಿದರೆ ಹೊರಗೆ ಚರ್ಮದಂತೆ ಬಿರುಸಾಗಿ ಒಳಗೆ ಕೊಳೆಯುತ್ತದೆ. ದ್ರಾವಣ ಗಡ್ಡೆಯ 10 ಪಟ್ಟು ಇರಬೇಕು. ದೊಡ್ಡ ಗಂಟಾದರೆ 1 ಸೆಂ.ಮೀ. ಅಂತರದಲ್ಲಿ ರೊಟ್ಟಿ ಹೆಚ್ಚಿದಂತೆ ಗೀರಿ, ಆದರೆ ಒಂದು ಅಂಚು ಬಿಡಿಸದೆ ಇರಲಿ, ದಿಕ್ಕು ಗೊತ್ತಾಗಬೇಕು. ಅಗಲ ಬಾಯಿಯ ಡಬ್ಬಿ: ಮೆತ್ತಗಿದ್ದಾಗ ಒಳಗೆ ತುರುಕಿದ್ದು ಗಟ್ಟಿಯಾದ ಮೇಲೆ ಹೊರಗೆ ಬರುವುದಿಲ್ಲ, ಡಬ್ಬಿ ಒಡೆಯಬೇಕಾಗುತ್ತದೆ. ಫ್ರೀಜರ್ ಮಾತ್ರ ಬೇಡವೇ ಬೇಡ. ಹೆಬ್ಬಾಳ, ಶಿವಮೊಗ್ಗ, ಹಾಸನ, ಬೀದರ್ ಪಶುವೈದ್ಯಕೀಯ ಕಾಲೇಜುಗಳಲ್ಲಿ ರೋಗಶಾಸ್ತ್ರ ವಿಭಾಗಗಳಿವೆ. ಮೊದಲೇ ಫೋನ್ ಮಾಡಿ ಕೇಳಿ ಕಳಿಸಿ.

ಜಠರಾಗ್ನಿ

ಔಷಧದ ಬಗ್ಗೆ ಚುಟುಕಾಗಿ. ಆಮ್ಲ ಕಡಿಮೆ ಮಾಡುವ ಒಮೆಪ್ರಜೋಲ್ ಕಿಲೋಗೆ 1 ಮಿ.ಗ್ರಾಂ., ದಿನಕ್ಕೆ ಎರಡು ಸಲ, ಊಟಕ್ಕೆ ಅರ್ಧ–ಒಂದು ಗಂಟೆ ಮುಂಚೆ. ದಿನಕ್ಕೊಂದೇ ಸಲ ಕೊಟ್ಟು ‘ಕೆಲಸ ಮಾಡ್ಲಿಲ್ಲ’ ಅನ್ನುವುದು ಮಾಮೂಲಿ ದೂರು. ಕ್ಯಾಪ್ಸೂಲಿನ ಕಾಳುಗಳನ್ನು ಅರೆಯಬೇಡಿ, ಹುಳಿಯಲ್ಲಿ ಕೆಡುತ್ತವೆ. 3–4 ವಾರ ದಾಟಿದ್ದರೆ ಒಮ್ಮೆಲೇ ನಿಲ್ಲಿಸದೆ ಇಳಿಸುತ್ತಾ ಬನ್ನಿ. ಹುಣ್ಣಿದ್ದರೆ ಸುಕ್ರಾಲ್ಫೇಟ್ ಅರ್ಧದಿಂದ 1 ಗ್ರಾಂ, 8 ಗಂಟೆಗೊಮ್ಮೆ, ನೀರಿನಲ್ಲಿ ಕದಡಿ. ಬೇರೆ ಮಾತ್ರೆಗಳಿಂದ 2 ಗಂಟೆ ದೂರ. ಅಡ್ಡಿ ಇದೆ ಅಂತ ಸಂಶಯವಿದ್ದಾಗ ವಾಂತಿಯ ಔಷಧ ಮೆಟೊಕ್ಲೋಪ್ರಮೈಡ್ ಬೇಡ, ಮುಚ್ಚಿದ ಬಾಗಿಲಿಗೆ ಜಠರವನ್ನು ಗುದ್ದಿಸಿದಂತೆ. ಒಮೆಪ್ರಜೋಲ್, ಸುಕ್ರಾಲ್ಫೇಟ್ ರಕ್ತ ನಿಲ್ಲಲು ನೆರವಾಗುತ್ತವೆ, ಗಂಟು ಕರಗಿಸುವುದಿಲ್ಲ.

ನೋವಿಗೆ ಮನುಷ್ಯರ ಡೈಕ್ಲೋಫೆನಾಕ್, ಐಬುಪ್ರೊಫೆನ್ ಕೊಡುವುದನ್ನು ಇನ್ನಾದರೂ ನಿಲ್ಲಿಸಿ. ಒಳ್ಳೆಯ ಜಠರವನ್ನೇ ತೂತು ಮಾಡುತ್ತವೆ. ಪಶುಗಳಿಗೆ ಡೈಕ್ಲೋಫೆನಾಕ್ 2006ರಲ್ಲೇ ನಿಷೇಧವಾಗಿದೆ, ಅದು ರಣಹದ್ದುಗಳನ್ನು ಉಳಿಸಲು ಅನ್ನುವುದು ಬೇರೆ ಮಾತು. ರಾಮದೇವರಬೆಟ್ಟದ ಹದ್ದಿಗೆ ವಿಷವಾದದ್ದು ಮನೆಯ ನಾಯಿಗೂ ಔಷಧವಲ್ಲ.

ಅಂಬಲಿ

ಆಪರೇಷನ್ ನಂತರದ ಊಟ. ಹಿಂದೆ ಎರಡು ಮೂರು ದಿನ ಉಪವಾಸ ಕೆಡವುತ್ತಿದ್ದರು, ಈಗ ಇಲ್ಲ. ವಾಂತಿ ಇಲ್ಲದಿದ್ದರೆ 12–24 ಗಂಟೆಯೊಳಗೆ ಚೂರು ಚೂರು ಶುರು. ದಿನದ ಅಗತ್ಯ ಲೆಕ್ಕ ಹಾಕುವುದು ಹೀಗೆ: ತೂಕದ 0.75 ಘಾತವನ್ನು 70ರಿಂದ ಗುಣಿಸಿ. 10 ಕಿಲೋ ನಾಯಿಗೆ ಸುಮಾರು 390 ಕಿಲೋಕ್ಯಾಲರಿ. ಮೊದಲ ದಿನ ಅದರ ಮೂರನೇ ಒಂದು, ಎರಡನೇ ದಿನ ಮೂರನೇ ಎರಡು, ಮೂರನೇ ದಿನ ಪೂರ್ತಿ, 5–6 ಸಲಕ್ಕೆ ಹಂಚಿ.

ಮೆತ್ತಗೆ ಬೇಯಿಸಿ ಹಿಚುಕಿದ ಅನ್ನ, ಎಲುಬು ಚರ್ಮ ತೆಗೆದು ಬೇಯಿಸಿದ ಕೋಳಿ. ತುಪ್ಪ, ಈರುಳ್ಳಿ, ಬೆಳ್ಳುಳ್ಳಿ ಇಲ್ಲ. ಕೊಬ್ಬು ಮತ್ತು ನಾರು ಎರಡೂ ಜಠರ ಖಾಲಿಯಾಗುವುದನ್ನು ನಿಧಾನಿಸುತ್ತವೆ. ಅದಕ್ಕೇ ಎರಡು ವಾರ ರಾಗಿ ಮುದ್ದೆಯೂ ಬೇಡ, ನಾಯಿ ಅಗಿಯದೆ ಉಂಡೆ ಉಂಡೆಯಾಗಿ ನುಂಗುತ್ತದೆ. ಮುಂಬಾಗಿಲ ಆಪರೇಷನ್ ಆಗಿದ್ದರೆ ಬಟ್ಟಲು ಎದೆಯೆತ್ತರಕ್ಕಿಡಿ, ತಿಂದ ಮೇಲೆ 15–20 ನಿಮಿಷ ಮುಂಗಾಲು ಎತ್ತರದಲ್ಲಿರಲಿ.

ಬಾಲಂಗೋಚಿ

ಮನೆಗೆ ಬಂದ ಮೇಲೆ ಯಾವ ದಿನ ಹೆಚ್ಚು ಗಮನ ಇಡಬೇಕು?

ಹೊಲಿಗೆದಾರ

3ರಿಂದ 5ನೇ ದಿನ. ಒಳಹೊಲಿಗೆ ಬಿಟ್ಟರೆ ಆಗಲೇ ಬಿಡುವುದು. ನಿಂತಿದ್ದ ವಾಂತಿ ಮರಳಿದರೆ, ಜ್ವರ ಬಂದರೆ, ಹೊಟ್ಟೆ ಮುಟ್ಟಲು ಬಿಡದಿದ್ದರೆ, ಮುಂಗಾಲು ಚಾಚಿ ಹಿಂಭಾಗ ಎತ್ತಿ ಪ್ರಾರ್ಥನೆಗೆ ಕೂತಂತೆ ನಿಂತರೆ ರಾತ್ರಿಯಾದರೂ ಹೊರಡಿ, ಬೆಳಗಾಗಲಿ ಅಂತ ಕಾಯಬೇಡಿ. ಹೊರಗಿನ ಹೊಲಿಗೆ 10–14 ದಿನಕ್ಕೆ ಬಿಚ್ಚುವುದು, ಅಲ್ಲಿಯವರೆಗೆ ಗಾಯ ನೆಕ್ಕದಂತೆ ಕೊರಳಿಗೆ ಹಾಕಿದ ಕೋನ್ ತೆಗೆಯಬೇಡಿ.

ರಕ್ತಪಟ್ಟಿ

ಸಿಬಿಸಿ ಎರಡು ವಾರಕ್ಕೊಮ್ಮೆ, ಎಂಸಿವಿ ಸರಿಯಾಗುವವರೆಗೆ. ಹಿಮೋಗ್ಲೋಬಿನ್ ಮೊದಲು ಏರುತ್ತದೆ, ಅದನ್ನು ನೋಡಿ ಕಬ್ಬಿಣದ ಔಷಧ ನಿಲ್ಲಿಸಬೇಡಿ. ಪಾಲಿಪ್ ಆಗಿದ್ದರೆ 3 ಮತ್ತು 6 ತಿಂಗಳಿಗೆ ಮತ್ತೆ ಕ್ಯಾಮೆರಾ. ಲಿಯೋಮಯೋಮಾ ಪೂರ್ತಿ ಬಂದಿದ್ದರೆ ಅದೇ ಜಾಗದಲ್ಲಿ ಮತ್ತೆ ಬೆಳೆಯುವುದು ತೀರಾ ಅಪರೂಪ, ಒಂದೆರಡು ಸ್ಕ್ಯಾನ್ ಸಾಕು.